ಊರಿಗೆಲ್ಲ ಅಗಸೆ, ಒಬ್ಬಳ ಎದೆಗೆ

ನಮ್ಮ ದೊಡ್ಡತ್ತೆ ಕಂಬದ ಜೊತೆ ಮಾತಾಡುತ್ತಿದ್ದರು. ಹಾಗಂದ ಕೂಡಲೇ ‘ಅಯ್ಯೋ ಪಾಪ’ ಅನ್ನಬೇಡಿ! ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವರನ್ನೇ ಸುಸ್ತು ಮಾಡಬಲ್ಲ ಬುದ್ಧಿ ಅವರದು. ಕಂಬವೂ ಸಾಮಾನ್ಯದ್ದಲ್ಲ. ನಡುಮನೆಯ ಮಧ್ಯೆ ನಿಂತಿತ್ತು. ಅದರ ಆಚೆಗೆ ದೊಡ್ಡತ್ತೆಯ ಒಲೆ, ಈಚೆಗೆ ನಮ್ಮ ಅತ್ತೆಯ ಒಲೆ. ಮನೆ ಒಂದೇ, ಬಾಗಿಲು ಒಂದೇ, ಬಚ್ಚಲೂ ಒಂದೇ. ವಾರಗಿತ್ತಿಯರಿಬ್ಬರಿಗೆ ಮಾತ್ರ ಮಾತಿಲ್ಲ.

“ಏ ಕಂಬ, ಹಾಲು ಉಕ್ತಾ ಇದೆ ಅಂತ ಹೇಳೋ!” ಅನ್ನುವರು ದೊಡ್ಡತ್ತೆ.

“ಏ ಕಂಬ, ನಮಗೂ ದೇವರು ಕಣ್ಣು ಕೊಟ್ಟಿದಾನೆ ಅಂತ ಹೇಳೋ!” ಅನ್ನುವರು ಅತ್ತೆ. ಅಷ್ಟು ಹೊತ್ತಿಗೆ ಹಾಲು ಉಕ್ಕಿ ಒಲೆಯೇ ಆರಿರುತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಸೊಸೆಯಾಗಿ ಆ ಮನೆಗೆ ಬಂದಾಗ, ಕಂಬ ಅನ್ನುವ ಹೆಸರಿನ ಹಿರಿಯರೊಬ್ಬರು ಒಳಗೆಲ್ಲೋ ಇರಬೇಕೆಂದು ಎರಡು ದಿನ ಕಾದಿದ್ದೆ, ನಮಸ್ಕಾರ ಮಾಡೋಣ ಅಂತ. ತಮಾಷೆ ಅಂದರೆ, ಇವರ ಗಂಡಂದಿರು, ಅಣ್ಣತಮ್ಮಂದಿರು, ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವಷ್ಟು ಅನ್ಯೋನ್ಯ. ಹೆಂಗಸರ ಜಗಳ ಹೆಂಗಸರಿಗೇ ಇರಲಿ ಅಂತ ಬೆಳಿಗ್ಗೆ ಮುದ್ದೆ ನುಂಗಿ ಸಾದಲಿ ಕಡೆಯ ಹೊಲಕ್ಕೆ ಪರಾರಿಯಾಗುತ್ತಿದ್ದರು.

ಜಗಳ ಯಾತಕ್ಕೆ ಅಂತೀರಾ? ಆಸ್ತಿಗಲ್ಲ, ಒಡವೆಗಲ್ಲ. ಅವರೆಕಾಳಿಗೆ!

ದೊಡ್ಡತ್ತೆಯ ತವರು ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿ. ಮದುವೆಯಾಗಿ ಬರುವಾಗ ಅವರಮ್ಮ ಸೆರಗಿಗೆ ಒಂದು ಹಿಡಿ ಬಿತ್ತನೆ ಅವರೆ ಕಟ್ಟಿ ಕಳಿಸಿದ್ದರು. ನಮ್ಮ ಕಡೆ ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಬಿಡುತ್ತಾರಲ್ಲ, ಆ ಸಾಲಿಗೆ ಕಾಳು ಹಾಕುವುದು ಹೆಂಗಸರ ಕೆಲಸ. ಬೀಜ ಕಾಪಾಡುವುದೂ ಅವರದೇ ಜವಾಬ್ದಾರಿ. ದೊಡ್ಡತ್ತೆ ವರ್ಷವರ್ಷವೂ ದಪ್ಪ ಕಾಳು ಆರಿಸಿ, ಬೂದಿ ಬೆರೆಸಿ, ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೇರಿಸುತ್ತಿದ್ದರು. ಒಂದು ವರ್ಷ ಅವರು ಯಾರದೋ ಬಾಣಂತನಕ್ಕೆ ಹೋಗಿದ್ದಾಗ ಮನೆಗೆ ಹೇಳದೆ ಕೇಳದೆ ನೆಂಟರು ಬಂದರು. ಮನೆಯಲ್ಲಿದ್ದ ತರಕಾರಿ ಅಂದರೆ ಮೊಳಕೆ ಬಂದ ಈರುಳ್ಳಿ. ನಮ್ಮ ಅತ್ತೆ ಅಟ್ಟ ಹತ್ತಿದರು, ಗಡಿಗೆ ಇಳಿಸಿದರು, ಬೂದಿ ತೊಳೆದರು, ಘಮಘಮ ಹುಳಿ ಮಾಡಿದರು, ಬಡಿಸಿ ತಾವೂ ಉಂಡರು. ಬಂದಿದ್ದ ನೆಂಟರು ಯಾರು ಗೊತ್ತೇ? ದೊಡ್ಡತ್ತೆಯ ಸ್ವಂತ ಅಣ್ಣ, ಅತ್ತಿಗೆ! ಚೆನ್ನಾಗಿದೆ ಚೆನ್ನಾಗಿದೆ ಅಂತ ತಮ್ಮ ಮನೆತನದ ಬೀಜವನ್ನು ತಾವೇ ಚಪ್ಪರಿಸಿಕೊಂಡು ತಿಂದು ಹೋದರಂತೆ.

ದೊಡ್ಡತ್ತೆ ಬಂದರು. ಖಾಲಿ ಗಡಿಗೆ ನೋಡಿದರು. “ಬಿತ್ತೋ ಬೀಜ ತಿಂದೋಳು ಬಾಳ್ತಾಳೇನೇ?” ಅಂದುಬಿಟ್ಟರು.

“ನಿನ್ನ ತವರಿನೋರ ಮರ್ಯಾದೆ ಉಳಿಸಿದ್ದಕ್ಕೆ ಈ ಮಾತಾ? ನಿಂದು ಎದೆಯಲ್ಲ ಅಕ್ಕ, ಕಲ್ಲು!” ಅಂದರು ಅತ್ತೆ.

ಅವತ್ತಿನಿಂದ ಒಲೆ ಎರಡಾಯಿತು, ಕಂಬಕ್ಕೆ ಕೆಲಸ ಸಿಕ್ಕಿತು. ಅವಳು ಕೊಟ್ಟಿದ್ದು ಇವಳು ಮುಟ್ಟುವಂತಿಲ್ಲ, ಇವಳು ಮಾಡಿದ್ದು ಅವಳು ತಿನ್ನುವಂತಿಲ್ಲ. ಈ ಶಾಸನವನ್ನು ಬರೆದವರು ಯಾರೂ ಇಲ್ಲ, ಮೀರಿದವರೂ ಇರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ದೊಡ್ಡತ್ತೆಯ ನಾಲಿಗೆಯ ಮೇಲೆ ಒಂದು ಕಪ್ಪು ಮಚ್ಚೆ ಇತ್ತು. ಕರಿನಾಲಿಗೆ! ಅವರು ‘ಈ ಬಸ್ಸು ಊರು ಮುಟ್ಟಲ್ಲ’ ಅಂದರೆ ಮುಟ್ಟುತ್ತಿರಲಿಲ್ಲ. (ಆ ಕಾಲದ ನಮ್ಮ ಬಸ್ಸುಗಳು ಕೆಟ್ಟು ನಿಲ್ಲಲು ಕರಿನಾಲಿಗೆಯೇ ಬೇಕಿತ್ತೇ ಅನ್ನುವುದು ಬೇರೆ ಪ್ರಶ್ನೆ.) ಬೀದಿಯವರೆಲ್ಲ ಆ ನಾಲಿಗೆಗೆ ಹೆದರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವರು ಸ್ವತಃ ದೊಡ್ಡತ್ತೆಯೇ ಅನ್ನುವುದು ನನಗೆ ತಿಳಿದದ್ದು ತಡವಾಗಿ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅತ್ತೆ ನೀರಿನ ಕೊಡ ಹೊತ್ತು ಬರುತ್ತಾ ನಡುವೆ ನಿಲ್ಲತೊಡಗಿದರು. ಎದೆ ಒತ್ತಿಕೊಳ್ಳುವುದು, ಬೆವರು ಒರೆಸಿಕೊಳ್ಳುವುದು, ಕೇಳಿದರೆ “ಏನಿಲ್ಲ ಕಣಮ್ಮ, ಸೆಕೆ” ಅನ್ನುವುದು. ಅದೂ ಮಾಗಿಯ ಚಳಿಯಲ್ಲಿ! ನಮ್ಮ ಬೀದಿಯಲ್ಲಿ ಹೃದಯ ಅನ್ನುವ ಅಂಗವನ್ನು ಗಂಡಸರಿಗೆ ಮಾತ್ರ ಮಂಜೂರು ಮಾಡಲಾಗಿತ್ತು. ಗಂಡಸಿಗೆ ಎದೆ ಹಿಡಿದರೆ ಬಾಡಿಗೆ ಕಾರು, ಹೆಂಗಸಿಗೆ ಎದೆ ಹಿಡಿದರೆ ಓಮಿನಕಾಳು. ನಮ್ಮ ಮಾವ ಗೋಲಿ ಸೋಡಾ ತಂದುಕೊಟ್ಟರು. ನನ್ನ ಗಂಡ, ಓದಿದವರು, “ಅವರೆಕಾಯಿ ಕಾಲ ಅಲ್ವಾ, ಗ್ಯಾಸು” ಅಂತ ವೈಜ್ಞಾನಿಕವಾಗಿ ವಿವರಿಸಿದರು.

ಒಂದು ಬೆಳಿಗ್ಗೆ ಅತ್ತೆ ಹೊಸಿಲ ಮೇಲೆ ಕೂತವರು ಏಳಲಿಲ್ಲ. ಮುಖ ಬಿಳಿಚಿತ್ತು. ಆಗ ಕಂಬದ ಆಚೆಯಿಂದ ಬಂತು ನೋಡಿ ಗುಡುಗು!

“ಏ ಕಂಬ! ಇವಳ್ನ ಆಸ್ಪತ್ರೆಗೆ ಕರ್ಕೊಂಡೋಗಕ್ಕೆ ಈ ಮನೇಲಿ ಗಂಡಸರು ಯಾರಾದ್ರೂ ಇದಾರೋ, ಇಲ್ಲ ಎಲ್ಲಾ ನಿನ್ನ ಥರಾನೇ ನಿಂತಿದಾರೋ, ಕೇಳು!”

ಚಿಕ್ಕಬಳ್ಳಾಪುರಕ್ಕೆ ಹೊರಟೆವು. ಬಸ್ಸಿನಲ್ಲಿ ನಾನು, ಅತ್ತೆ, ನನ್ನ ಗಂಡ. ಮುಂದಿನ ಸೀಟಿನಲ್ಲಿ, ನಮಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿ ನೋಡುತ್ತಾ ದೊಡ್ಡತ್ತೆ. ತಮ್ಮ ಟಿಕೆಟ್ಟನ್ನು ತಾವೇ ತೆಗೆದುಕೊಂಡಿದ್ದರು. ಡಾಕ್ಟರಮ್ಮನ ಕೋಣೆಗೂ ನಮ್ಮ ಹಿಂದೆಯೇ ನುಗ್ಗಿ ಮೂಲೆಯ ಸ್ಟೂಲಿನ ಮೇಲೆ ಕೂತರು.

“ನೀವ್ಯಾರ್ರೀ, ಅಮ್ಮಾ?” ಅಂದರು ಡಾಕ್ಟರಮ್ಮ. ಅವರು ಗದಗಿನ ಕಡೆಯವರು.

“ನಾನು ಯಾರೂ ಅಲ್ಲ. ಆಚೆ ಬಿಸಿಲು ಅಂತ ಕೂತಿದೀನಿ. ನೀವು ನೋಡಿ, ನೋಡಿ.”

ಪರೀಕ್ಷೆಯೆಲ್ಲ ಆಯಿತು. ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. “ಇದು ಗ್ಯಾಸ್ ಅಲ್ಲ, ಹಾರ್ಟಿಂದು. ಮುಟ್ಟು ನಿಲ್ಲೋತನಕ ಹೆಂಗಸರ ಮೈಯಾಗಿನ ಒಂದು ಸತ್ವ ಎದಿಗೆ ಕಾವಲು ಇರ್ತದ. ನಿಂತ ಮ್ಯಾಲೆ ಆ ಕಾವಲು ಹೋಗ್ತದ. ದಿನಾ ಗುಳಗಿ ತಗೋರಿ, ಉಪ್ಪು ಎಣ್ಣಿ ಕಡಿಮಿ ಮಾಡ್ರಿ, ಸಾವಕಾಶ ಅಡ್ಡಾಡ್ರಿ. ಮತ್ತ, ನಮ್ಮ ಕಡೆ ರೊಟ್ಟಿ ಜೋಡಿ ಅಗಸಿ ಚಟ್ನಿಪುಡಿ ತಿಂತೀವಿ. ಅಗಸಿ ಬೀಜದೊಳಗ ಅಂಥದೇ ಒಂದು ಸತ್ವ ಅದ, ವಯಸ್ಸಾದ ಹೆಂಗಸರಿಗೆ ಚಲೋ ಅಂತ ಈಗೀಗ ಹೇಳ್ಲಿಕ್ಕತ್ತಾರ. ಪೂರಾ ಗೊತ್ತಾಗಿಲ್ಲ. ತಿಂದ್ರ ತಪ್ಪಿಲ್ಲ. ಗುಳಗಿ ಮಾತ್ರ ಬಿಡಬ್ಯಾಡ್ರಿ.”

ಇಷ್ಟು ಮಾತಿನಲ್ಲಿ ಮೂಲೆಯ ಸ್ಟೂಲಿಗೆ ಮುಟ್ಟಿದ್ದು ಒಂದೇ ಪದ. ಬೀಜ!

ವಾಪಸು ಬರುವಾಗ ದೊಡ್ಡತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. “ನನ್ನ ನಾಲಿಗೆ ಸುಡ! ಬೀಜ ತಿಂದೋಳು ಬಾಳ್ತಾಳಾ ಅಂದ್ಬಿಟ್ನಲ್ಲಮ್ಮ ಅವತ್ತು. ಅದೇ ತಗಲಿರೋದು ಅವಳಿಗೆ. ಈಗ ನೋಡು ದೇವರ ಆಟ, ಬೀಜ ತಿನ್ನಿಸೇ ಅವಳನ್ನ ಉಳಿಸ್ಕೋಬೇಕು.”

“ಹಂಗಾದ್ರೆ ಹೋಗಿ ಮಾತಾಡ್ಸಿ ದೊಡ್ಡತ್ತೆ, ಎಲ್ಲಾ ಸರಿಹೋಗುತ್ತೆ.”

“ಮಾತಾಡ್ಸೋದಾ? ನಾನಾ?” ದೊಡ್ಡತ್ತೆ ಸೆಟೆದು ಕೂತರು. “ಮೊದಲು ಅವಳು ಮಾತಾಡಿಸ್ಲಿ! ಕಲ್ಲು ಅಂದಿದ್ದು ಯಾರು?”

ಅಂದರೆ ಪರಿಸ್ಥಿತಿ ಹೀಗೆ. ಅತ್ತೆ ಬದುಕಬೇಕು. ಅದಕ್ಕೆ ದೊಡ್ಡತ್ತೆಯ ಬೀಜ ತಿನ್ನಬೇಕು. ಆದರೆ ದೊಡ್ಡತ್ತೆ ಕೊಟ್ಟದ್ದನ್ನು ಅತ್ತೆ ಮುಟ್ಟುವುದಿಲ್ಲ, ಮಾತಾಡಲು ದೊಡ್ಡತ್ತೆ ಬಗ್ಗುವುದಿಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ? ಕೈಬಿಡುತ್ತಿದ್ದಿರಿ ಅಲ್ಲವೇ? ಅದಕ್ಕೇ ನೀವು ನಮ್ಮ ದೊಡ್ಡತ್ತೆಯಲ್ಲ!

ಮೊದಲು ಅಗಸೆ ಸಿಗಬೇಕಲ್ಲ. ಶಿಡ್ಲಘಟ್ಟದ ಅಂಗಡಿಗಳಲ್ಲಿ ಇರಲಿಲ್ಲ. ನನ್ನನ್ನು ಕಟ್ಟಿಕೊಂಡು ಚಿಂತಾಮಣಿಯ ಪೇಟೆಗೆ ಹೋದರು. ಅಲ್ಲಿನ ಸಾಹುಕಾರ ಅರ್ಧ ತೆಲುಗಿನಲ್ಲಿ, “ಅವಿಸೆ ಗಿಂಜಲಾ? ಅದು ಯಾಕಮ್ಮಾ ನಿಮಗೆ? ಅದರ ಎಣ್ಣೇನ ಬಡಗಿಗಳು ಬಾಗಿಲಿಗೆ ಬಳೀತಾರೆ” ಅಂತ ನಕ್ಕ.

“ಬಳಿದ್ರೆ ಬಾಗಿಲು ಎಷ್ಟು ವರ್ಷ ಬರುತ್ತಪ್ಪ?”

“ಮಳೆಗೆ ಬಿಸಿಲಿಗೆ ಜಗ್ಗಲ್ಲಮ್ಮ. ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.”

“ಹಂಗಾದ್ರೆ ಅದನ್ನೇ ಕೊಡು. ನಮ್ಮನೇಲೂ ಒಂದು ಹಳೇ ಬಾಗಿಲಿದೆ. ಯಾವಾಗ್ಲೂ ಮುಚ್ಕೊಂಡೇ ಇರುತ್ತೆ!”

ಮನೆಗೆ ಬಂದು ಹುರಿದರು. ಚಟಪಟ ಸಿಡಿಯುವ ಕಾಳಿಗೆ ಒಣಮೆಣಸಿನಕಾಯಿ, ಹುಣಿಸೆಹಣ್ಣು, ಕರಿಬೇವು, ತೀರ ಸ್ವಲ್ಪ ಉಪ್ಪು, ಕೊನೆಗೆ ಒಂದು ಚೂರು ಬೆಲ್ಲ ಹಾಕಿ ಕುಟ್ಟಿದರು. ಬೆಲ್ಲ ಹಾಕದ ಅಡಿಗೆಯನ್ನೇ ದೊಡ್ಡತ್ತೆ ಮಾಡಿದವರಲ್ಲ. ಸೊಪ್ಪಿನ ಸಾರಿಗೂ ಬೆಲ್ಲ, ಉಪ್ಪಿನಕಾಯಿಗೂ ಬೆಲ್ಲ. ನಾಲಿಗೆಯ ಖಾರಕ್ಕೆ ಪ್ರಾಯಶ್ಚಿತ್ತವೋ ಏನೋ! ಪುಡಿಯನ್ನು ಬಟ್ಟಲಿಗೆ ತುಂಬಿ ಕಂಬದ ಬುಡದಲ್ಲಿಟ್ಟು, “ಏ ಕಂಬ, ಇದು ಔಷಧಿ ಅಂತ ಹೇಳೋ” ಅಂದರು.

ಅತ್ತೆ ಬಟ್ಟಲನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಹುಂಜಕ್ಕೆ ಸುರಿದರು. ಆ ಹುಂಜದ ಹೃದಯ ಕೊನೆಯವರೆಗೂ ಬಲು ಗಟ್ಟಿಯಾಗಿತ್ತು. ಆಮೇಲೆ ಸಾರು ಮಾಡಿದ ನಾನೇ ಅದಕ್ಕೆ ಸಾಕ್ಷಿ.

ದೊಡ್ಡತ್ತೆ ಸೋಲಲಿಲ್ಲ. ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಸುವ ಸಂಸಾರ. ಆ ಮನೆಯ ಹಿರಿಯಾಕೆಯನ್ನು ಬೀದಿಯೆಲ್ಲ ಖಾಲಾ ಅಂತಲೇ ಕರೆಯುತ್ತಿತ್ತು. ದೊಡ್ಡತ್ತೆ ಪುಡಿಯ ಡಬ್ಬಿ ಹಿಡಿದು ಅವರಲ್ಲಿಗೆ ಹೋದರು. “ಇದನ್ನ ನಿಮ್ಮನೇಲಿ ಮಾಡಿದ್ದು ಅಂತ ನಮ್ಮೋಳಿಗೆ ಕೊಡಬೇಕು.”

ಖಾಲಾ ತಲೆ ಮೇಲಿನ ಸೆರಗು ಸರಿಮಾಡಿಕೊಂಡರು. “ತೌಬಾ! ಸುಳ್ಳು ನನ್ನ ಬಾಯಲ್ಲಿ ಬರಲ್ಲಮ್ಮ. ಅಲ್ಸಿ, ಅದೇ ನಿಮ್ಮ ಅಗಸೆ, ನನಗೂ ಗೊತ್ತು, ನಮ್ಮ ಅಮ್ಮಿ ಬಾಣಂತೀರಿಗೆ ಉಂಡೆ ಮಾಡಿ ಕೊಡೋರು. ಒಂದ್ ಕೆಲಸ ಮಾಡಣ. ನಮ್ಮನೆ ಒಲೆ ಮೇಲೆ, ನಮ್ಮನೆ ಬಾಣಲೀಲಿ ನೀವೇ ಹುರೀರಿ. ಆಗ ನಮ್ಮನೇಲಿ ಮಾಡಿದ್ದೇ ಆಯ್ತಲ್ಲ?”

ಖಾಲಾ ಕೊಟ್ಟದ್ದನ್ನು ಅತ್ತೆ ಬಾಯಿತುಂಬ ಹೊಗಳಿ ತಿಂದರು. ದೊಡ್ಡತ್ತೆ ಕಂಬದ ಮರೆಯಿಂದ ತುತ್ತು ತುತ್ತನ್ನೂ ನೋಡುತ್ತಿದ್ದರು. ಆದರೆ ಅವರ ಬುದ್ಧಿ ಅಲ್ಲಿಗೆ ನಿಲ್ಲುತ್ತದೆಯೇ? ಒಂದೇ ಮನೆಯಿಂದ ದಿನಾ ಪುಡಿ ಬಂದರೆ ಅನುಮಾನ ಬರುವುದಿಲ್ಲವೇ? ಹಾಗಾಗಿ ಖಾಲಾ ಮನೆ ಆದ ಮೇಲೆ ಬಳೆ ಅಂಗಡಿಯವರ ಮನೆ, ಅದಾದ ಮೇಲೆ ಮೇಷ್ಟ್ರ ಮನೆ, ಹೀಗೆ ಬೀದಿಯ ಒಲೆಗಳೆಲ್ಲ ಸರದಿಯ ಮೇಲೆ ಅಗಸೆ ಹುರಿದವು. ಬರೀ ಕೊಟ್ಟರೆ ಚೆನ್ನಾಗಿರುತ್ತದೆಯೇ, ತಾವೂ ತಿಂದರು. ಒಬ್ಬಳ ಎದೆಗೆ ಎರಡು ಚಮಚ ಪುಡಿ ತಲುಪಿಸಲು ಒಂದು ಬೀದಿಯ ಮುಟ್ಟು ನಿಂತ ಹೆಂಗಸರೆಲ್ಲ ಅಗಸೆ ತಿನ್ನತೊಡಗಿದರು! ಬಳೆ ಅಂಗಡಿಯವರ ಮನೆಯಾಕೆ ಮಂಡಿ ನೋವು ಹೋಯಿತು ಅಂದರು. ಮೇಷ್ಟ್ರ ತಾಯಿ ತಮ್ಮ ಗೊರಕೆ ನಿಂತಿತು ಅಂದರು. ಮೇಷ್ಟ್ರು ಇಲ್ಲ ಅಂದರು. ಗಂಡಸರು ಮಾತ್ರ “ಉಪ್ಪಿಟ್ಟಿಗೂ ಅದೇ ಪುಡಿ, ಮೊಸರನ್ನಕ್ಕೂ ಅದೇ ಪುಡಿ” ಅಂತ ಗೊಣಗಿಕೊಂಡು ಓಡಾಡಿದರು.

ಗುಳಿಗೆಯ ವಿಷಯದಲ್ಲೂ ಅಷ್ಟೇ. ದಿನಾ ರಾತ್ರಿ ಊಟವಾದ ಮೇಲೆ, “ಏ ಕಂಬ, ಗುಳಿಗೆ ನುಂಗಾಯ್ತಾ ಕೇಳೋ.” ಅತ್ತೆ, “ಏ ಕಂಬ, ನುಂಗಾಯ್ತು, ಸುಮ್ನೆ ಮಲಗಕ್ಕೆ ಹೇಳೋ.”

ಆರೇಳು ತಿಂಗಳ ಮೇಲೆ ತೋರಿಸಲು ಹೋದಾಗ ಡಾಕ್ಟರಮ್ಮ ಮೆಚ್ಚಿಕೊಂಡರು. “ಭಾಳ ಸುಧಾರ್ಸ್ಯಾರ. ಗುಳಗಿಯಿಂದ ಇರಬಹುದು, ಉಪ್ಪು ಕಡಿಮಿ ಮಾಡಿದ್ದಕ್ಕ ಇರಬಹುದು, ಅಗಸಿಯಿಂದನೂ ಇರಬಹುದು.”

“ಕೊನೇಲಿ ಹೇಳಿದ್ದೇ ಸರಿ!” ಅಂದಿತು ಮೂಲೆಯ ಸ್ಟೂಲು.

ಎಲ್ಲಕ್ಕಿಂತ ದೊಡ್ಡ ಸಾಹಸ ನಡೆದದ್ದು ಗೌರಿಬಿದನೂರಿನ ಒಂದು ಮದುವೆಯಲ್ಲಿ. ನಮ್ಮದೇ ನೆಂಟರ ಮದುವೆ, ಮೂರು ದಿನ ಅಲ್ಲೇ ಠಿಕಾಣಿ. ಮೂರು ದಿನ ಪುಡಿಯಿಲ್ಲ ಅಂದರೆ ಕಾವಲಿಲ್ಲದ ಹೊಲದ ಹಾಗೆ ಅಂತ ದೊಡ್ಡತ್ತೆಗೆ ನಿದ್ದೆ ಬರಲಿಲ್ಲ. ಊಟದ ಪಂಕ್ತಿ ಕೂತಿತು. ನಡುವಿನಲ್ಲೆಲ್ಲೋ ಅತ್ತೆಯ ಎಲೆ. ಒಂದೇ ಎಲೆಗೆ ಬಡಿಸಿದರೆ ಪಂಕ್ತಿಭೇದ, ಮಹಾಪಾಪ! ನೋಡನೋಡುತ್ತಿದ್ದಂತೆ ದೊಡ್ಡತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿ ಹಿಡಿದು, ಮೊದಲನೇ ಎಲೆಯಿಂದ ಒಂದೊಂದು ಚಮಚ ಹಾಕುತ್ತಾ ಬಂದೇಬಿಟ್ಟರು. ಬೀಗರ ಎಲೆಗೂ ಬಿತ್ತು, ಪುರೋಹಿತರ ಎಲೆಗೂ ಬಿತ್ತು, ಹೋಳಿಗೆಯ ಮೇಲೂ ಬಿತ್ತು.

“ಏನಮ್ಮಾ ಇದು?” ಅಂತ ಗಂಡಿನ ತಂದೆ ಗಾಬರಿಯಾದರು.

“ಎದೆಗೆ ಒಳ್ಳೇದು, ತಿನ್ನಿ. ಮದುವೆ ಖರ್ಚಿನ ಲೆಕ್ಕ ಆಮೇಲೆ ಬರುತ್ತಲ್ಲ, ತಡಕೊಳ್ಳಕ್ಕೆ ಬೇಕಾಗುತ್ತೆ!”

ಅತ್ತೆಯ ಎಲೆಯ ಮುಂದೆ ದೊಡ್ಡತ್ತೆ ಒಂದು ಕ್ಷಣ ನಿಂತರು. ಆಮೇಲೆ ಅಲ್ಲಿಗೂ ಒಂದು ಚಮಚ ಹಾಕಿದರು. ಅತ್ತೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ಚಪ್ಪರದ ಮಾವಿನ ತೋರಣ ನೋಡುತ್ತಾ, ಬಿದ್ದದ್ದನ್ನು ಅನ್ನಕ್ಕೆ ಕಲಸಿಕೊಂಡರು. ಎಲೆಯಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಇಷ್ಟೆಲ್ಲದರ ನಡುವೆ ಬೀದಿ ಏನನ್ನುತ್ತಿತ್ತು ಗೊತ್ತೇ? ‘ಮುದುಕಿಗೆ ಸಾಯೋ ಭಯ, ಚಿರಂಜೀವಿ ಆಗಕ್ಕೆ ಹೊರಟಿದಾಳೆ.’ ನಾನೂ ಒಮ್ಮೆ ಕೇಳಿದೆ. “ನೀವು ತಿಂತೀರಾ ದೊಡ್ಡತ್ತೆ?” ಅವರು, “ನಂಗ್ಯಾಕಮ್ಮ? ನಂದು ಕಲ್ಲು. ಸರ್ಟಿಫಿಕೇಟ್ ಕೊಟ್ಟಿರೋರು ನಿಮ್ಮ ಒಲೆಯೋರು” ಅಂತ ನಕ್ಕರು. ತಮಾಷೆ ಅಂದುಕೊಂಡು ನಾನೂ ನಕ್ಕೆ.

ಅದಾಗಿ ಮುಂದಿನ ಸುಗ್ಗಿ. ಅಂದು ಬೀದಿಯ ಒಲೆಗಳಿಗೆ ಬಿಡುವಿಲ್ಲದೆ ದೊಡ್ಡತ್ತೆ ತಮ್ಮ ಒಲೆಯ ಮೇಲೇ ಅಗಸೆ ಹುರಿಯುತ್ತಿದ್ದರು. ಈಚೆ ನಾನು ರಾಗಿ ಜರಡಿ ಹಿಡಿಯುತ್ತಿದ್ದೆ, ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಚಟಪಟ ಸದ್ದು ಜೋರಾಯಿತು, ಆಮೇಲೆ ನಿಂತಿತು. ಕಮಟು ವಾಸನೆ ನಡುಮನೆಗೆ ಬಂತು.

“ಏ ಕಂಬ, ಏನೋ ಸೀದೋಗ್ತಿದೆ ಅಂತ ಹೇಳೋ” ಅಂದರು ಅತ್ತೆ.

ಆಚೆಯಿಂದ ಉತ್ತರವಿಲ್ಲ.

“ಏ ಕಂಬ, ಕಿವಿ ಕೇಳಲ್ವಾ ಅಂತ ಕೇಳೋ!”

ಆಗಲೂ ಇಲ್ಲ. ಅತ್ತೆ ನನ್ನ ಮುಖ ನೋಡಿದರು. ಮರುಗಳಿಗೆ ಮಡಿಲಿನ ಅವರೆಕಾಯಿ ನೆಲವೆಲ್ಲ ಚೆಲ್ಲಾಡಿತು. ಡಾಕ್ಟರಮ್ಮ ಓಡಬೇಡಿ ಅಂದಿದ್ದ ಹೆಂಗಸು ಕಂಬ ದಾಟಿ ಓಡಿದರು.

“ಅಕ್ಕಾ! ಅಕ್ಕಾ, ಏನಾಯ್ತೇ?”

ದೊಡ್ಡತ್ತೆ ಗೋಡೆಗೊರಗಿ ಬಿದ್ದಿದ್ದರು. ಎದೆಯ ಮೇಲೆ ಕೈ, ಕೈಯಲ್ಲಿ ಸೌಟು. ಈ ಸಲ ಯಾರೂ ಗೋಲಿ ಸೋಡಾ ತರಲು ಹೋಗಲಿಲ್ಲ. ಓಮಿನಕಾಳನ್ನೂ ಯಾರೂ ಹುಡುಕಲಿಲ್ಲ. ಖಾಲಾ ಮನೆಯವರು ಗೂಡು ತರುವ ವ್ಯಾನು ಬಾಗಿಲಿಗೆ ತಂದು ನಿಲ್ಲಿಸಿದರು. ಚಿಕ್ಕಬಳ್ಳಾಪುರದವರೆಗೂ ಅತ್ತೆ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈಯುತ್ತಲೇ ಇದ್ದರು, ಅಳುತ್ತಲೇ ಇದ್ದರು. ಯಾವುದು ಬೈಗುಳ, ಯಾವುದು ಅಳು ಅಂತ ನನಗೆ ಬೇರೆ ಮಾಡಲು ಆಗಲಿಲ್ಲ. ನಾನೂ ಅಳುತ್ತಿದ್ದೆ.

ದೊಡ್ಡತ್ತೆ ಉಳಿದರು. ಡಾಕ್ಟರಮ್ಮ ಹೊರಗೆ ಬಂದು, “ಹೊತ್ತಿಗೆ ಸರಿಯಾಗಿ ಕರಕೊಂಡ್ ಬಂದ್ರಿ. ಸಣ್ಣ ಅಟ್ಯಾಕು” ಅಂದರು. ಅತ್ತೆ ಅವರ ಕೈ ಹಿಡಿದುಕೊಂಡು ಕೇಳಿದ ಪ್ರಶ್ನೆ ಒಂದೇ. “ಮಿಷಿನ್ನಲ್ಲಿ ನೋಡಿದ್ರಲ್ಲ ತಾಯಿ. ಕಲ್ಲಲ್ಲ ತಾನೇ?”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲನೇ ದಿನ ಆಚೆಯ ಒಲೆ ಹೊತ್ತಲಿಲ್ಲ. ಈಚೆಯ ಒಲೆಯ ಮೇಲೆ ಅತ್ತೆ ತಾವೇ ಅಗಸೆ ಹುರಿದು ಕುಟ್ಟಿದರು. ಬಿಸಿ ಅನ್ನಕ್ಕೆ ಪುಡಿ ಕಲಸಿಕೊಂಡು ದೊಡ್ಡತ್ತೆಯ ಚಾಪೆಯ ಪಕ್ಕ ಕೂತು, ಗುಳಿಗೆ ನುಂಗಿಸಿ, ತುತ್ತು ಎತ್ತಿದರು. ದೊಡ್ಡತ್ತೆ ಮುಖ ತಿರುಗಿಸಿ, ಅಭ್ಯಾಸ ನೋಡಿ, “ಏ ಕಂಬ...” ಅಂತ ಶುರುಮಾಡಿದರು.

“ಕಂಬ ಸತ್ತೋಯ್ತು! ನನ್ನ ಮುಖ ನೋಡಿ ಹೇಳು” ಅಂದರು ಅತ್ತೆ. “ಖಾಲಾ ಮನೇದಂತೆ, ಮೇಷ್ಟ್ರ ಮನೇದಂತೆ! ಚಟ್ನಿಪುಡಿಗೆ ಬೆಲ್ಲ ಹಾಕೋ ಕೈ ಈ ಸೀಮೇಲೆಲ್ಲ ಒಂದೇ. ಮೊದಲನೇ ತುತ್ತಿಗೇ ಗೊತ್ತಾಗಿತ್ತು ನಂಗೆ.”

“ಗೊತ್ತಿದ್ದೂ ತಿಂದ್ಯಾ?”

“ಗೊತ್ತಿದ್ದಿದ್ದಕ್ಕೇ ತಿಂದೆ.” ಅತ್ತೆ ತುತ್ತನ್ನು ಇನ್ನಷ್ಟು ಹತ್ತಿರ ಹಿಡಿದರು. “ನೀನ್ಯಾಕೆ ತಿನ್ಲಿಲ್ಲ? ಬೀಜ ತಿಂದೋಳು ಬಾಳ್ತಾಳಾ ಅಂತ ಕೇಳಿದ್ಯಲ್ಲ ಅವತ್ತು. ನೋಡು, ತಿಂದೋಳು ಬಾಳ್ತಾ ಕೂತಿದೀನಿ ನಿನ್ನೆದುರಿಗೆ. ಬಾಯಿ ತೆಗಿ.”

ದೊಡ್ಡತ್ತೆ ಬಾಯಿ ತೆರೆದರು. ನಾಲಿಗೆಯ ಮೇಲಿನ ಕಪ್ಪು ಮಚ್ಚೆ ಕಂಡಿತು. ಅತ್ತೆ ಸರಿಯಾಗಿ ಅದರ ಮೇಲೇ ತುತ್ತು ಇಟ್ಟರು. ದೊಡ್ಡತ್ತೆಯ ಕಣ್ಣಿಂದ ನೀರು ದಳದಳ ಇಳಿಯಿತು.

“ಕಹಿ ಕಣೇ. ಬೆಲ್ಲ ಹಾಕಿಲ್ವಾ?”

“ಹಾಕಿದೀನಿ.” ಅತ್ತೆ ಸೆರಗಿನಿಂದ ಅಕ್ಕನ ಮುಖ ಒರೆಸಿದರು. “ಅಳೋದು ನಿಲ್ಸಿ ಅಗಿ. ಸಿಗುತ್ತೆ.”